ನೆಗೆತದ ಗುರುತು

ಮಂಜುಗಡ್ಡೆಯ ಅಂಗಳದಲ್ಲಿ ನಡೆಯುವ ಫಿಗರ್ ಸ್ಕೇಟಿಂಗ್ ಎಂಬ ಕ್ರೀಡೆಯನ್ನು ದೂರದರ್ಶನದಲ್ಲಿ ಮೊದಲ ಬಾರಿಗೆ ನೋಡುವವರಿಗೆ ಒಂದು ಸಂಗತಿ ಬಗೆಹರಿಯದೆ ಉಳಿಯುತ್ತದೆ. ಆಟಗಾರ್ತಿ ವೇಗವಾಗಿ ಜಾರುತ್ತ ಬರುತ್ತಾಳೆ. ಥಟ್ಟನೆ ಮೇಲಕ್ಕೆ ನೆಗೆದು, ಕೈಗಳನ್ನು ಎದೆಗೆ ಅವಚಿಕೊಂಡು, ಬುಗುರಿಯಂತೆ ಮೂರು ಸುತ್ತು ಸುತ್ತಿ, ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ವಿವರಣೆಗಾರನು ಅದನ್ನು ‘ಲುಟ್ಸ್’ ಎನ್ನುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಅಂಥದೇ ಇನ್ನೊಂದು ನೆಗೆತ. ಅದನ್ನು ‘ಫ್ಲಿಪ್’ ಎನ್ನುತ್ತಾನೆ. ನಮ್ಮ ಕಣ್ಣಿಗೆ ಎರಡೂ ಒಂದೇ. ನಾನೂ ಬಹುಕಾಲ ಗಾಳಿಯಲ್ಲಿ ಸುತ್ತುವ ದೇಹವನ್ನೇ ನೋಡುತ್ತ ಕುಳಿತಿದ್ದೆ. ಆದುದರಿಂದಲೇ ನನಗೆ ಏನೂ ತಿಳಿಯಲಿಲ್ಲ. ಈ ಕ್ರೀಡೆಯ ಆರು ಮುಖ್ಯ ನೆಗೆತಗಳೂ ಗಾಳಿಯಲ್ಲಿ ಒಂದೇ ರೂಪದವು. ಇಳಿಯುವ ರೀತಿಯೂ ಒಂದೇ. ಅವುಗಳ ಕುಲಗೋತ್ರವೆಲ್ಲ ಕಾಲು ಮಂಜನ್ನು ಬಿಡುವ ಒಂದು ಕ್ಷಣದಲ್ಲಿ ಅಡಗಿದೆ.

ಇದನ್ನು ತಿಳಿಯಲು ಪಾದರಕ್ಷೆಯ ಅಡಿಯಲ್ಲಿರುವ ಉಕ್ಕಿನ ಅಲಗನ್ನು ನೋಡಬೇಕು. ಅದರ ದಪ್ಪ ಸುಮಾರು 4 ಮಿಲಿಮೀಟರ್. ಅಡಿಭಾಗದಲ್ಲಿ ಉದ್ದಕ್ಕೂ ತೋಡಿದ ಸಣ್ಣ ಕಾಲುವೆಯಿರುವುದರಿಂದ ಅಲಗಿಗೆ ಎರಡು ಅಂಚುಗಳು ಉಂಟಾಗುತ್ತವೆ: ಇನ್ನೊಂದು ಕಾಲಿನ ಕಡೆಗಿರುವುದು ಒಳ ಅಂಚು, ಆಚೆಗಿರುವುದು ಹೊರ ಅಂಚು. ಅಲಗಿನ ಮುಂತುದಿಯಲ್ಲಿ ಗರಗಸದಂತಹ ಹಲ್ಲುಗಳಿವೆ. ತಿರುವಿನಲ್ಲಿ ಬೈಸಿಕಲ್ ಸವಾರನು ವಾಲುವಂತೆ ಆಟಗಾರನೂ ಒಂದು ಅಂಚಿನ ಮೇಲೆ ವಾಲಿ ಬಾಗಿದ ಗೆರೆಯಲ್ಲಿ ಚಲಿಸುತ್ತಾನೆ. ಬಹುಪಾಲು ಆಟಗಾರರು ಗಾಳಿಯಲ್ಲಿ ಎಡಕ್ಕೆ ಸುತ್ತುತ್ತಾರೆ. ಬಲಗಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಜಾರುತ್ತ ಇಳಿಯುತ್ತಾರೆ. ಮುಂದೆ ಹೇಳುವುದೆಲ್ಲ ಅಂಥವರನ್ನು ಕುರಿತದ್ದು.

ಎಲ್ಲಕ್ಕಿಂತ ಸುಲಭವಾಗಿ ಗುರುತಿಸಬಹುದಾದದ್ದು ಆಕ್ಸೆಲ್. ಮುಂದಕ್ಕೆ ಮುಖಮಾಡಿ ನೆಗೆಯುವ ನೆಗೆತ ಅದೊಂದೇ. ನಾರ್ವೆಯ ಆಕ್ಸೆಲ್ ಪಾಲ್ಸನ್ 1882ರಲ್ಲಿ ವಿಯೆನ್ನಾ ನಗರದಲ್ಲಿ ಇದನ್ನು ಪ್ರದರ್ಶಿಸಿದನು. ಮುಂದಕ್ಕೆ ನೆಗೆದು ಹಿಂದಕ್ಕೆ ಇಳಿಯಬೇಕಾದುದರಿಂದ ಇದರಲ್ಲಿ ಅರ್ಧ ಸುತ್ತು ಹೆಚ್ಚು. ಆದುದರಿಂದ ಮೂರು ಸುತ್ತಿನ ಆಕ್ಸೆಲ್ ಎಂದರೆ ವಾಸ್ತವವಾಗಿ ಮೂರೂವರೆ ಸುತ್ತು. ನಾಲ್ಕೂವರೆ ಸುತ್ತು ಮಾನವಶಕ್ತಿಗೆ ಮೀರಿದ್ದೆಂದು ಅನೇಕರು ಭಾವಿಸಿದ್ದರು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಇಲಿಯಾ ಮಾಲಿನಿನ್ ಎಂಬ 17 ವರ್ಷದ ತರುಣ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಅದನ್ನು ಸಾಧಿಸಿದನು.

ಉಳಿದ ಐದರಲ್ಲಿಯೂ ಹಿಮ್ಮುಖವಾಗಿ ಜಾರುತ್ತಲೇ ನೆಗೆಯಬೇಕು. ಇಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇನ್ನೊಂದು ಕಾಲಿನ ಹಲ್ಲು ಮಂಜನ್ನು ಚುಚ್ಚಿತೇ ಎಂಬುದು. ಚುಚ್ಚದಿದ್ದರೆ ಅದು ಸಾಲ್ಕೋ ಅಥವಾ ಲೂಪ್. ಸ್ವೀಡನ್ನಿನ ಉಲ್ರಿಕ್ ಸಾಲ್ಕೋ 1909ರಲ್ಲಿ ಮಾಡಿ ತೋರಿಸಿದ ನೆಗೆತದಲ್ಲಿ ಎಡಗಾಲಿನ ಒಳ ಅಂಚಿನಿಂದ ಏಳುತ್ತ ಬಲಗಾಲನ್ನು ಮುಂದಕ್ಕೆ ಬೀಸುತ್ತಾರೆ. ಲೂಪ್‌ನಲ್ಲಿ ಕುರ್ಚಿಯ ಮೇಲೆ ಕುಳಿತವರಂತೆ ಮಂಡಿ ಬಾಗಿಸಿ ಬಲಗಾಲಿನ ಹೊರ ಅಂಚಿನಿಂದಲೇ ಏಳುತ್ತಾರೆ. ಹಲ್ಲು ಚುಚ್ಚುವ ಮೂರರಲ್ಲಿ ಟೋ ಲೂಪ್‌ಗೆ ಎಡಗಾಲು ಚುಚ್ಚುತ್ತದೆ. ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಿಜವಾದ ತೊಡಕು ಇರುವುದು ಫ್ಲಿಪ್ ಮತ್ತು ಲುಟ್ಸ್‌ಗಳಲ್ಲಿ. ಎರಡರಲ್ಲಿಯೂ ಎಡಗಾಲಿನ ಮೇಲೆ ಹಿಂದಕ್ಕೆ ಜಾರುತ್ತ ಬಲಗಾಲಿನ ಹಲ್ಲನ್ನು ಚುಚ್ಚುತ್ತಾರೆ. ಫ್ಲಿಪ್‌ನಲ್ಲಿ ಎಡಗಾಲು ಒಳ ಅಂಚಿನ ಮೇಲಿರುತ್ತದೆ, ಲುಟ್ಸ್‌ನಲ್ಲಿ ಹೊರ ಅಂಚಿನ ಮೇಲೆ. ಅಂತರ ಇಷ್ಟೇ. ಆದರೆ ಈ ಇಷ್ಟೇ ಎಂಬುದು ಸಾಮಾನ್ಯವಲ್ಲ. ಹೊರ ಅಂಚಿನ ಮೇಲೆ ಜಾರುವಾಗ ದೇಹ ಬಲಕ್ಕೆ ಬಾಗಿದ ಗೆರೆಯಲ್ಲಿ ಸಾಗುತ್ತಿರುತ್ತದೆ. ನೆಗೆದ ಮೇಲೆ ಎಡಕ್ಕೆ ಸುತ್ತಬೇಕು. ಬಲಕ್ಕೆ ತಿರುಗುತ್ತಿರುವ ಬುಗುರಿಯನ್ನು ನಡುವೆಯೇ ಎಡಕ್ಕೆ ತಿರುಗಿಸಹೊರಟಂತೆ! ಆಸ್ಟ್ರಿಯಾದ ಅಲೋಯಿಸ್ ಲುಟ್ಸ್ 1913ರಲ್ಲಿ ಇದನ್ನು ಸಾಧಿಸಿದನೆಂದು ದಾಖಲೆಗಳು ಹೇಳುತ್ತವೆ.

ದೇಹವಾದರೋ ಸುಲಭದ ದಾರಿಯನ್ನೇ ಬಯಸುತ್ತದೆ. ಹಲ್ಲು ಚುಚ್ಚುವ ಮುನ್ನಿನ ಕ್ಷಣದಲ್ಲಿ ಎಡಗಾಲಿನ ಹರಡು ಒಳಕ್ಕೆ ವಾಲಿಬಿಡುತ್ತದೆ. ಹೊರ ಅಂಚು ಒಳ ಅಂಚಾಗುತ್ತದೆ. ಲುಟ್ಸ್ ಎಂದು ಹೊರಟದ್ದು ಫ್ಲಿಪ್ ಆಗಿ ಮುಗಿಯುತ್ತದೆ. ಇದು ವಂಚನೆಯಲ್ಲ, ಎಳೆಯ ವಯಸ್ಸಿನಲ್ಲಿ ಅಂಟಿಕೊಂಡ ಅಭ್ಯಾಸ. ಅದನ್ನು ಬಿಡಿಸಿಕೊಳ್ಳಲು ಕೆಲವರು ವರ್ಷಗಟ್ಟಲೆ ಹೆಣಗುತ್ತಾರೆ. ನಿಯಮ ಮಾತ್ರ ಇದನ್ನು ಮನ್ನಿಸದೆ ಅಂಕ ಕಳೆಯುತ್ತದೆ. ಎದುರು ದಿಕ್ಕಿಗೆ ಸುತ್ತುವ ಕಷ್ಟಕ್ಕಾಗಿಯೇ ಲುಟ್ಸ್‌ಗೆ ಫ್ಲಿಪ್‌ಗಿಂತ ಹೆಚ್ಚು ಅಂಕವಿರುವಾಗ, ಆ ಕಷ್ಟವನ್ನು ಪಡದವರಿಗೆ ಅದು ಸಲ್ಲದೆಂಬುದು ನನಗೆ ನ್ಯಾಯವಾಗಿಯೇ ತೋರುತ್ತದೆ.

ಮುಂದಿನ ಬಾರಿ ನೋಡುವಾಗ ಆಟಗಾರ್ತಿ ಹಿಂದುಹಿಂದಕ್ಕೆ ದೀರ್ಘವಾಗಿ ಜಾರುತ್ತ ಅಂಗಳದ ಮೂಲೆಯ ಕಡೆಗೆ ಸಾಗಿದರೆ ಲುಟ್ಸ್ ಬರಲಿದೆಯೆಂದು ಊಹಿಸಿ. ಮುಂದಕ್ಕೆ ಬರುತ್ತಿದ್ದವಳು ಸರ್ರನೆ ಹಿಂದಕ್ಕೆ ತಿರುಗಿ ಒಡನೆಯೇ ಹಲ್ಲು ಚುಚ್ಚಿದರೆ ಅದು ಬಹುಮಟ್ಟಿಗೆ ಫ್ಲಿಪ್. ಬಳಿಕ ಎಡಗಾಲಿನ ಹರಡನ್ನು ನೋಡಿ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿರುವಾಗ, ತೀರ್ಪಿನ ಮೇಜಿನ ಹಿಂದೆ ಕುಳಿತ ತಜ್ಞರು ಅದೇ ಹರಡಿನ ಚಿತ್ರವನ್ನು ಮತ್ತೊಮ್ಮೆ ತರಿಸಿ ನೋಡುತ್ತಿರುತ್ತಾರೆ.