ಡ್ರೋನ್‌ನ ತೂಕ ಮತ್ತು ಕಾನೂನಿನ ಮಿತಿ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ

ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ ಅಳತೆಗೆ ಬಂದ ಡ್ರೋನ್ ಈಗ ಕೆರೆ ಕಾಮಗಾರಿಯ ಚಿತ್ರೀಕರಣಕ್ಕೂ ಹೊಲಗಳ ಔಷಧಿ ಸಿಂಪಡಣೆಗೂ ಬಳಕೆಯಾಗುತ್ತಿದೆ. ನಮೋ ಡ್ರೋನ್ ದೀದಿ ಯೋಜನೆಯು ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿ ಹೊಂದಿದೆ. ಡ್ರೋನ್‌ಗೆ ಅನ್ವಯಿಸುವ ನಿಯಮಗಳು ಬಹುಮಟ್ಟಿಗೆ ಅದರ ತೂಕದ ಮೇಲೆ ನಿರ್ಧಾರವಾಗುತ್ತವೆ. ಆದ್ದರಿಂದ ತೂಕವನ್ನು ಲೆಕ್ಕ ಹಾಕುವ, ಮಿತಿಯೊಳಗೆ ಇರಿಸುವ ಮತ್ತು ಪರಿಶೀಲಿಸುವ ಕ್ರಮವನ್ನು ಸದಸ್ಯರಿಗೆ ಪರಿಚಯಿಸುವುದು ಈ ಪಾಠದ ಉದ್ದೇಶ.

1. ತೂಕದ ವರ್ಗಗಳು

ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಪ್ರಕಟವಾದವು. ಅವುಗಳ ಪ್ರಕಾರ ವರ್ಗೀಕರಣ ಹೀಗಿದೆ:

ನ್ಯಾನೊ: 250 ಗ್ರಾಂವರೆಗೆ.
ಮೈಕ್ರೊ: 250 ಗ್ರಾಂ ಮೀರಿ 2 ಕಿಲೋವರೆಗೆ.
ಸಣ್ಣ: 2 ಕಿಲೋ ಮೀರಿ 25 ಕಿಲೋವರೆಗೆ.
ಮಧ್ಯಮ: 25 ಕಿಲೋ ಮೀರಿ 150 ಕಿಲೋವರೆಗೆ.
ದೊಡ್ಡದು: 150 ಕಿಲೋ ಮೀರಿದವು.

ಇಲ್ಲಿ ತೂಕವೆಂದರೆ ಬರಿಯ ಯಂತ್ರದ ತೂಕವಲ್ಲ. ಬ್ಯಾಟರಿ, ರೆಕ್ಕೆ, ಕ್ಯಾಮೆರಾ, ಮೆಮೊರಿ ಕಾರ್ಡ್, ಟ್ಯಾಂಕಿನೊಳಗಿನ ದ್ರವ ಸೇರಿದಂತೆ ನೆಲ ಬಿಟ್ಟು ಮೇಲೇರುವ ಎಲ್ಲದರ ಗರಿಷ್ಠ ಒಟ್ಟು ತೂಕವೇ ಲೆಕ್ಕಕ್ಕೆ ಬರುತ್ತದೆ.

ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ, ಮಾದರಿ ಪ್ರಮಾಣಪತ್ರ, ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯವಲ್ಲ. ಮೈಕ್ರೊ ಡ್ರೋನನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಿದರೆ ಪೈಲಟ್ ಪ್ರಮಾಣಪತ್ರ ಬೇಕು. ಬಾಡಿಗೆ ಪಡೆದು ಮದುವೆ ಅಥವಾ ಜಾತ್ರೆ ಚಿತ್ರಿಸುವವರ ಕೆಲಸ ವಾಣಿಜ್ಯವೇ ಆಗಿದೆ. ಹೀಗಾಗಿ 249 ಗ್ರಾಂ ಮತ್ತು 260 ಗ್ರಾಂಗಳ ನಡುವಣ ಅಂತರ ಕಣ್ಣಿಗೆ ಕಾಣದಿದ್ದರೂ ಕಾನೂನಿಗೆ ಕಾಣುತ್ತದೆ.

2. ಮಿತಿ ಏಕೆ?

ಬೀಳುವ ವಸ್ತುವಿನ ಪೆಟ್ಟು ತೂಕ ಮತ್ತು ಎತ್ತರ ಎರಡನ್ನೂ ಅವಲಂಬಿಸಿದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 250 ಗ್ರಾಂ ಡ್ರೋನ್ 120 ಮೀಟರ್ ಎತ್ತರದಿಂದ ಬಿದ್ದಾಗ ಸುಮಾರು 294 ಜೂಲ್ ಶಕ್ತಿಯಿಂದ ನೆಲಕ್ಕೆ ಬಡಿಯುತ್ತದೆ. 25 ಕಿಲೋ ತೂಕದ ಸಿಂಪಡಣಾ ಡ್ರೋನ್ ಕೇವಲ 3 ಮೀಟರ್ ಎತ್ತರದಿಂದ ಬಿದ್ದರೂ ಆ ಶಕ್ತಿ 735 ಜೂಲ್. ಬೆಳೆಯ ಮೇಲೆ ಆಳೆತ್ತರದಲ್ಲಿ ಹಾರುವುದರಿಂದ ಅಪಾಯವಿಲ್ಲ ಎಂಬ ನಂಬಿಕೆ ಸರಿಯಲ್ಲ.

ಇದೇ ಮಿತಿ ಯಂತ್ರದ ವಿನ್ಯಾಸವನ್ನೂ ರೂಪಿಸುತ್ತದೆ. ಜಪಾನಿನಲ್ಲಿ ಮಿತಿ 200 ಗ್ರಾಂ ಇದ್ದಾಗ, ಬೇರೆಡೆ 249 ಗ್ರಾಂ ತೂಗುತ್ತಿದ್ದ ಮಾವಿಕ್ ಮಿನಿ ಡ್ರೋನನ್ನು ಅಲ್ಲಿ ಚಿಕ್ಕ ಬ್ಯಾಟರಿಯೊಂದಿಗೆ 199 ಗ್ರಾಂಗೆ ಇಳಿಸಿ ಮಾರಲಾಯಿತು. ತೂಕವೇನೋ ಇಳಿಯಿತು, ಜೊತೆಗೆ ಹಾರಾಟದ ಅವಧಿಯೂ ಇಳಿಯಿತು. 2022ರ ಜೂನ್‌ನಲ್ಲಿ ಜಪಾನ್ ಮಿತಿಯನ್ನು 100 ಗ್ರಾಂಗೆ ತಗ್ಗಿಸಿದಾಗ ಆ ಅನುಕೂಲವೂ ಉಳಿಯಲಿಲ್ಲ.

3. ಚಿಕ್ಕ ಡ್ರೋನಿನ ತೂಕ ಇಳಿಸುವ ಕ್ರಮ

ಲೆಕ್ಕದ ಅನುಕೂಲಕ್ಕಾಗಿ, ಬ್ಯಾಟರಿ ಸಹಿತ 247 ಗ್ರಾಂ ತೂಗುವ ಡ್ರೋನನ್ನು ತೆಗೆದುಕೊಳ್ಳೋಣ. ಅದಕ್ಕೆ 30 ಗ್ರಾಂ ರೆಕ್ಕೆ ಕವಚ ಮತ್ತು 3 ಗ್ರಾಂ ಅಲಂಕಾರದ ಅಂಟುಹಾಳೆ ಸೇರಿದರೆ ಒಟ್ಟು 280 ಗ್ರಾಂ. ಅದು ಮೈಕ್ರೊ ವರ್ಗಕ್ಕೆ ಸೇರಿತು. ಅಂಟುಹಾಳೆ, ಹೆಚ್ಚುವರಿ ದೀಪ, ಕ್ಯಾಮೆರಾದ ಹೆಚ್ಚುವರಿ ಗಾಜು ಇವುಗಳನ್ನು ತೆಗೆಯುವುದು ಮತ್ತು ತಯಾರಕರೇ ನೀಡಿದ ಹಗುರ ಬ್ಯಾಟರಿಯನ್ನು ಬಳಸುವುದು ಸರಿಯಾದ ಮಾರ್ಗ. ಕವಚವು ಜನರ ಸುರಕ್ಷತೆಗಾಗಿ ಇರುವಂಥದ್ದು. ಜನರ ಸಮೀಪ ಹಾರಿಸಲು ಅದು ಅಗತ್ಯವೆನಿಸಿದರೆ ಅದನ್ನು ಉಳಿಸಿಕೊಂಡು ಮೈಕ್ರೊ ವರ್ಗದ ನಿಯಮ ಪಾಲಿಸುವುದೇ ಯೋಗ್ಯ.

ಮಾಡಬಾರದ ಕೆಲಸಗಳೂ ಇವೆ. ಹೊರಕವಚಕ್ಕೆ ರಂಧ್ರ ಕೊರೆಯುವುದು, ರೆಕ್ಕೆಯನ್ನು ಉಜ್ಜಿ ತೆಳುಗೊಳಿಸುವುದು, ಸ್ಕ್ರೂ ತೆಗೆಯುವುದು, ಜಿಪಿಎಸ್ ಭಾಗ ಕಳಚುವುದು, ಹೆಸರಿಲ್ಲದ ಬ್ಯಾಟರಿ ಕಟ್ಟುವುದು. ಇವುಗಳಿಂದ ಉಳಿಯುವುದು ಕೆಲವೇ ಗ್ರಾಂ. ಕಳೆದುಕೊಳ್ಳುವುದು ಯಂತ್ರದ ಬಲ ಮತ್ತು ಸಮತೋಲನ.

ತೂಗುವ ಸಾಧನವೂ ಮುಖ್ಯ. ನ್ಯಾಯಬೆಲೆ ಅಂಗಡಿಯ ತಕ್ಕಡಿ ದೊಡ್ಡ ತೂಕಕ್ಕೆ ತಕ್ಕದ್ದು. ಅದರಲ್ಲಿ ಒಂದೆರಡು ಗ್ರಾಂ ವ್ಯತ್ಯಾಸ ತಿಳಿಯದು. 250 ಗ್ರಾಂ ಮಿತಿಯ ಪರಿಶೀಲನೆಗೆ ಒಂದು ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೋರಿಸುವ ತಕ್ಕಡಿ ಬೇಕು.

4. ಸಿಂಪಡಣಾ ಡ್ರೋನಿನ ಲೆಕ್ಕ

ಉದಾಹರಣೆಗೆ, ಯಂತ್ರ 9.5 ಕಿಲೋ, ಬ್ಯಾಟರಿ 5 ಕಿಲೋ, ಟ್ಯಾಂಕಿನ ಅಳತೆ 10 ಲೀಟರ್, ಪ್ರಮಾಣಪತ್ರದಲ್ಲಿ ನಮೂದಾದ ಗರಿಷ್ಠ ತೂಕ 24.9 ಕಿಲೋ ಎಂದು ಭಾವಿಸೋಣ. ನೀರಿನಂತಹ ದ್ರವ ತುಂಬಿದರೆ ಒಟ್ಟು 24.5 ಕಿಲೋ, ಮಿತಿಯೊಳಗಿದೆ. ಆದರೆ ಲೀಟರಿಗೆ 1.1 ಕಿಲೋ ತೂಗುವ ದ್ರವಗೊಬ್ಬರದ ಮಿಶ್ರಣವನ್ನು ಅದೇ ಟ್ಯಾಂಕಿಗೆ ತುಂಬಿದರೆ 25.5 ಕಿಲೋ ಆಗುತ್ತದೆ. ಟ್ಯಾಂಕ್ ಅದೇ, ಅಳತೆಯೂ ಅದೇ. ಮಿತಿ ಮಾತ್ರ ಮೀರಿತು. ಪರಿಹಾರ ಸರಳ: 9 ಲೀಟರ್ ಮಾತ್ರ ತುಂಬಿದರೆ ದ್ರವದ ತೂಕ 9.9 ಕಿಲೋ, ಒಟ್ಟು 24.4 ಕಿಲೋ.

ದೊಡ್ಡ ಟ್ಯಾಂಕ್ ಅಳವಡಿಸಿ ಸುತ್ತು ಉಳಿಸುವ ಆಸೆಗೆ ಬಲಿಯಾಗಬಾರದು. ತೂಕ ಹೆಚ್ಚಿದ ಪ್ರಮಾಣಕ್ಕಿಂತ ಹೆಚ್ಚಾಗಿ ವಿದ್ಯುತ್ ಖರ್ಚಾಗುತ್ತದೆ. ಸ್ಥೂಲ ಲೆಕ್ಕದಲ್ಲಿ, ತೂಕವನ್ನು ಶೇ. 10 ಇಳಿಸಿದರೆ ಒಂದೇ ಕಡೆ ತೇಲಿ ನಿಲ್ಲಲು ಬೇಕಾದ ಶಕ್ತಿ ಸುಮಾರು ಶೇ. 15 ಇಳಿಯುತ್ತದೆ. ಬ್ಯಾಟರಿ ಹೆಚ್ಚು ಕಾಲ ಬಾಳುವುದು ಸಂಘದ ಮಹಿಳೆಯರಿಗೆ ನೇರ ಉಳಿತಾಯ.

5. ಹಗುರವಾದ ಮಾತ್ರಕ್ಕೆ ಎಲ್ಲವೂ ಮುಕ್ತವಲ್ಲ

ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಯಾವ ಡ್ರೋನೂ ಹಾರುವಂತಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಣ ಪ್ರದೇಶದಲ್ಲಿ ಈ ಎತ್ತರ 200 ಅಡಿ. ಹಾರಾಟಕ್ಕೆ ಮುನ್ನ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಬೇಕು. 2021ರ ನಿಯಮಗಳಲ್ಲಿ ಉಲ್ಲಂಘನೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

6. ಪಂಚಾಯಿತಿ ಮಟ್ಟದಲ್ಲಿ ಪಾಲಿಸಬಹುದಾದ ಕ್ರಮ

ಅ) ಚಿತ್ರೀಕರಣದ ಕಾರ್ಯಾದೇಶದಲ್ಲಿ ಡ್ರೋನಿನ ವರ್ಗ ಮತ್ತು ಹಾರುವ ಸ್ಥಿತಿಯ ಒಟ್ಟು ತೂಕವನ್ನು ನಮೂದಿಸುವುದು.
ಆ) ಸಿಂಪಡಣಾ ಡ್ರೋನಿಗೆ ವಿಶಿಷ್ಟ ಗುರುತಿನ ಸಂಖ್ಯೆ, ವಿಮೆ ಮತ್ತು ಪೈಲಟ್ ಪ್ರಮಾಣಪತ್ರ ಇರುವುದನ್ನು ನೋಡುವುದು.
ಇ) ದಿನದ ಮೊದಲ ಹಾರಾಟಕ್ಕೆ ಮುನ್ನ ಹಾಗೂ ಮಿಶ್ರಣ ಬದಲಾದಾಗಲೆಲ್ಲ ತೂಗಿ ದಾಖಲಿಸುವಂತೆ ಸಂಘಗಳಿಗೆ ತಿಳಿಸುವುದು.
ಈ) ಸಿಂಪಡಣೆಯ ದಿನ ಮತ್ತು ಸ್ಥಳವನ್ನು ಮುಂಚಿತವಾಗಿ ಡಂಗುರ ಅಥವಾ ಧ್ವನಿವರ್ಧಕದ ಮೂಲಕ ತಿಳಿಸಿ, ಮಕ್ಕಳು ಹಾಗೂ ದನಕರುಗಳು ದೂರವಿರುವಂತೆ ನೋಡಿಕೊಳ್ಳುವುದು.

ಚರ್ಚೆಗೆ ಪ್ರಶ್ನೆಗಳು

1. 248 ಗ್ರಾಂ ಡ್ರೋನಿಗೆ 4 ಗ್ರಾಂ ದೀಪ ಕಟ್ಟಿ ಬಾಡಿಗೆಗೆ ಚಿತ್ರೀಕರಿಸಿದರೆ ಯಾವ ದಾಖಲೆ ಅಗತ್ಯ?
2. ನಾಲ್ಕನೆಯ ಭಾಗದ ಡ್ರೋನಿಗೆ ಲೀಟರಿಗೆ 1.2 ಕಿಲೋ ತೂಗುವ ಮಿಶ್ರಣ ತುಂಬುವುದಾದರೆ ಗರಿಷ್ಠ ಎಷ್ಟು ಪೂರ್ಣ ಲೀಟರ್ ತುಂಬಬಹುದು?
3. ತಮ್ಮ ಗ್ರಾಮದ ಜಾತ್ರೆಯಲ್ಲಿ ಹಾರುವ ಡ್ರೋನಿನ ತೂಕವನ್ನು ಯಾರು, ಯಾವಾಗ, ಯಾವ ತಕ್ಕಡಿಯಲ್ಲಿ ಪರಿಶೀಲಿಸಬೇಕು?

ಉತ್ತರ: 1. ಒಟ್ಟು ತೂಕ 252 ಗ್ರಾಂ ಆಗಿ ಮೈಕ್ರೊ ವರ್ಗಕ್ಕೆ ಸೇರುವುದರಿಂದ ಪೈಲಟ್ ಪ್ರಮಾಣಪತ್ರ ಸೇರಿದಂತೆ ಆ ವರ್ಗದ ದಾಖಲೆಗಳು ಬೇಕು. 2. ಎಂಟು ಲೀಟರ್. ಮೂರನೆಯ ಪ್ರಶ್ನೆಯನ್ನು ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸುವುದು.