ಒಂದೇ ಮಂಚ, ಎರಡು ಹಾಸಿಗೆ

ಹಾಸಿಗೆಯ ಮೇಲೆ ಅಂಟಿಸಿರುವ ‘ಮೀಡಿಯಂ ಫರ್ಮ್’ ಎಂಬ ಚೀಟಿ ನೋಡಿ ದುಡ್ಡು ಕೊಡಬೇಡಿ. ಚೀಟಿ ಸುಳ್ಳು ಅಂತಲ್ಲ, ಅದು ಅರ್ಧ ಮಾತನ್ನಷ್ಟೇ ಹೇಳುತ್ತದೆ. ಉಳಿದರ್ಧ ಇರುವುದು ಮಲಗುವವರ ತೂಕದಲ್ಲಿ, ಮಲಗುವ ಭಂಗಿಯಲ್ಲಿ. 50 ಕಿಲೊ ತೂಗುವ ನಮ್ಮ ಅತ್ತೆ ಯಾವ ಹಾಸಿಗೆಯ ಮೇಲೆ ಮಲಗಿ “ಇದು ಹಾಸಿಗೆಯೋ ಹಲಗೆಯೋ ಮಾರಾಯ್ತಿ” ಅಂದರೋ, ಅದೇ ಹಾಸಿಗೆಯಲ್ಲಿ 90 ಕಿಲೊ ದಾಟಿದ ನಮ್ಮ ಯಜಮಾನರ ಸೊಂಟ ಹೂತುಹೋಯಿತು. ಅಂಗಡಿಯವನು ಇಬ್ಬರಿಗೂ ಹೇಳಿದ್ದು ಒಂದೇ: “ಮೀಡಿಯಂ ಫರ್ಮ್ ಛೇ, ಬಧಾನೆ ಚಾಲೆ.” ಎಲ್ಲರಿಗೂ ನಡೆಯುತ್ತದಂತೆ.

ನಾವು ಅಹಮದಾಬಾದಿಗೆ ಬಂದದ್ದು ಬ್ಯಾಂಕಿನ ದೆಸೆಯಿಂದ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ನನ್ನಂಥವರ ವರ್ಗಾವಣೆಯ ನಕ್ಷೆಗೆ ಗುಜರಾತೂ ಸೇರಿತು. ನಾರಣ್‌ಪುರದ ಫ್ಲ್ಯಾಟಿಗೆ ಬಂದ ಲಾರಿಯಲ್ಲಿ ಮಂಚದ ಜೊತೆ ಊರಿನ ನಾರಿನ ಹಾಸಿಗೆಗಳೂ ಇದ್ದವು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1962ರಲ್ಲಿ ಮಣಿಪಾಲ ಸಮೂಹದಿಂದ ಹುಟ್ಟಿದ ಕರ್ಲಾನ್ ತೆಂಗಿನ ನಾರಿಗೆ ರಬ್ಬರ್ ಹಾಲು ಕೂಡಿಸಿದ ಹಾಸಿಗೆಯನ್ನು ಮನೆಮನೆಗೆ ಮುಟ್ಟಿಸಿತ್ತು. ಆ ಕಂಪನಿಯೂ 2023ರಲ್ಲಿ ಸ್ಲೀಪ್‌ವೆಲ್‌ನ ಒಡೆತನವಿರುವ ಶೀಲಾ ಫೋಮ್‌ನ ಪಾಲಾಯಿತು. ವಿಲೀನದ ವಿಷಯದಲ್ಲಿ ನಮ್ಮ ಹಾಸಿಗೆಗೂ ನಮಗೂ ಒಂದೇ ಗತಿ ಅಂತ ಆಫೀಸಿನಲ್ಲಿ ನಗಾಡಿದ್ದುಂಟು.

ವರ್ಷಗಳ ಬಳಕೆಯಲ್ಲಿ ಆ ನಾರು ನಡುವೆ ಕುಸಿದಿತ್ತು. ಹಾಸಿಗೆಯ ಅಡ್ಡಕ್ಕೆ ಬಿಗಿಯಾಗಿ ಒಂದು ದಾರ ಎಳೆದು, ದಾರದ ಕೆಳಗೆ ಸ್ಕೇಲು ಇಟ್ಟು ನೋಡಿದರೆ ಕುಳಿ ಎಷ್ಟು ಆಳ ಅಂತ ಗೊತ್ತಾಗುತ್ತದೆ. ಒಂದು ಅಂಗುಲ ದಾಟಿದ್ದರೆ ಹೊಸದರ ಯೋಚನೆ ಮಾಡಬಹುದು. ಬೆನ್ನುನೋವಿಗೆ ವೈದ್ಯರ ಹತ್ತಿರ ಹೋಗುವ ಮೊದಲು ಈ ದಾರದ ಪರೀಕ್ಷೆ ಮಾಡಿ. ಇದಕ್ಕೆ ಫೀಸಿಲ್ಲ.

ಈಗಿನ ಬಜಾರಿನಲ್ಲಿ ಅಂಗಡಿಯವರು ಮುಂದಿಡುವ ಸರಕು ಹೈಬ್ರಿಡ್. ಕೆಳಗೆ ಪಾಕೆಟ್ ಸ್ಪ್ರಿಂಗ್, ಮೇಲೆ ಫೋಮ್ ಅಥವಾ ಲೇಟೆಕ್ಸ್. ಒಂದೊಂದು ಸ್ಪ್ರಿಂಗನ್ನೂ ಬಟ್ಟೆಯ ಚೀಲದಲ್ಲಿ ಬೇರೆಬೇರೆಯಾಗಿ ಹೊಲಿಯುವ ಉಪಾಯ ಹೊಸದೇನಲ್ಲ, ಕೆನಡಾದ ಜೇಮ್ಸ್ ಮಾರ್ಷಲ್ 1900ರ ಆಸುಪಾಸಿನಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸ್ಪ್ರಿಂಗ್‌ಗಳು ಒಂದಕ್ಕೊಂದು ಕಟ್ಟಿಕೊಂಡಿಲ್ಲದ್ದರಿಂದ ಪಕ್ಕದವರು ಮಗ್ಗುಲು ಬದಲಿಸಿದರೆ ನಿಮಗೆ ಅಷ್ಟಾಗಿ ತಾಗುವುದಿಲ್ಲ, ನಡುವೆ ಗಾಳಿಯೂ ಆಡುತ್ತದೆ. ಗಾಳಿ ಆಡುವುದು ಈ ಊರಿನಲ್ಲಿ ಸಣ್ಣ ಮಾತಲ್ಲ. 2016ರ ಮೇ 20ರಂದು ಅಹಮದಾಬಾದ್ 48 ಡಿಗ್ರಿ ಕಂಡಿದೆ.

ಆ ಬಿಸಿಲಿನಲ್ಲೇ ಒಂದು ಕೀಲಿದೆ, ಅದನ್ನು ಇಲ್ಲಿನ ಎಸ್.ಜಿ. ಹೈವೇಯ ಯಾವ ಶೋರೂಮಿನವರೂ ಬಾಯಿಬಿಟ್ಟು ಹೇಳುವುದಿಲ್ಲ. ಮೆಮರಿ ಫೋಮ್ 1966ರಲ್ಲಿ ನಾಸಾಕ್ಕಾಗಿ, ವಿಮಾನದ ಸೀಟುಗಳಿಗೆಂದು ರೂಪಿಸಿದ ವಸ್ತು. ಬಿಸಿ ತಾಗಿದರೆ ಮೆತ್ತಗಾಗುವುದು, ಚಳಿಗೆ ಗಟ್ಟಿಯಾಗುವುದು ಅದರ ಗುಣ. ಶೋರೂಮಿನಲ್ಲಿ ಏಸಿ 22 ಡಿಗ್ರಿಯಲ್ಲಿ ಓಡುತ್ತಿರುತ್ತದೆ. ಅಲ್ಲಿ ಹದವಾಗಿ ಗಟ್ಟಿ ಅನಿಸಿದ್ದು ಮೇ ತಿಂಗಳ ರಾತ್ರಿ, ಕರೆಂಟು ಕೈಕೊಟ್ಟ ಕೋಣೆಯಲ್ಲಿ ಬೇರೆಯೇ ಹಾಸಿಗೆ. ಜನವರಿಯ ಚಳಿಯಲ್ಲಿ ಮತ್ತೆ ಬೇರೆ. ಆದ್ದರಿಂದ ಈ ಕಡೆ ಹೈಬ್ರಿಡ್ ಕೊಳ್ಳುವವರು ಮೇಲಿನ ಪದರ ಯಾವುದು ಎಂದು ಮೊದಲು ಕೇಳಬೇಕು. ಮೆಮರಿ ಫೋಮ್ ಇದ್ದರೂ ಒಂದು ಅಂಗುಲ ಮೀರದಿರಲಿ. ಲೇಟೆಕ್ಸ್ ಅಥವಾ ಸಾದಾ ಗಟ್ಟಿ ಫೋಮ್ ಆದರೆ ಇನ್ನೂ ವಾಸಿ. ಇನ್ನೊಂದು, ಪ್ರದರ್ಶನಕ್ಕಿಟ್ಟ ಹಾಸಿಗೆಯ ಮೇಲೆ ದಿನವಿಡೀ ಜನ ಬಿದ್ದೆದ್ದು ಅದು ಪಳಗಿರುತ್ತದೆ. ಮನೆಗೆ ಬರುವ ಹೊಸ ಸರಕು ಶುರುವಿನಲ್ಲಿ ಅದಕ್ಕಿಂತ ಬಿಗಿಯಾಗಿಯೇ ಇರುತ್ತದೆ.

ಗುಜರಾತಿಗಳ ಒಂದು ರೀತಿ ನನಗೆ ಬಹಳ ಇಷ್ಟ. ಸಂಕೋಚವಿಲ್ಲ. “ಆವೋ ಬೆನ್, ಸೂಈನೆ ಜುಓ” (ಬನ್ನಿ ಅಕ್ಕ, ಮಲಗಿ ನೋಡಿ) ಅಂದರೆ ಸಾಕು, ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆ ಚಪ್ಪಲಿ ಬಿಟ್ಟು ಸಾಲಾಗಿ ಮಲಗಿಬಿಡುತ್ತದೆ. ನಾವಾದರೋ ಅಂಚಿನಲ್ಲಿ ಕೂತು, ಅಂಗೈಯಿಂದ ನಾಲ್ಕು ಸಲ ಒತ್ತಿ, “ಚೆನ್ನಾಗಿದೆ” ಅನ್ನುವವರು. ಕೈಯಿಂದ ಒತ್ತಿದರೆ ಕೈಗೆ ಒಪ್ಪುವ ಹಾಸಿಗೆ ಸಿಗುತ್ತದೆ, ಅಷ್ಟೇ.

ಒಂದು ಶೋರೂಮಿನ ಹುಡುಗ ಹಾಸಿಗೆಯ ಒಂದು ಬದಿಗೆ ತುಂಬಿದ ನೀರಿನ ಗ್ಲಾಸು ಇಟ್ಟು, ಇನ್ನೊಂದು ಬದಿಗೆ ಜಿಗಿದು ಕೂತ. ಗ್ಲಾಸಿನ ಬಾಯಲ್ಲಿ ನೀರು ಒಂಚೂರು ನಡುಗಿತು, ಚೆಲ್ಲಲಿಲ್ಲ. ಅವನ ಮುಖದಲ್ಲಿ ಜಾದೂಗಾರನ ನಗು. ನಾನು ಅವನನ್ನೇ ಬದಿಗೆ ಸರಿಸಿ, ನಮ್ಮವರನ್ನು ಮಲಗಿಸಿ, ಅವರ ಸೊಂಟದ ಕೆಳಗೆ ಅಂಗೈ ತೂರಿಸಿದೆ. ಅಂಗಾತ ಮಲಗುವವರಿಗೆ ಇದೇ ಪರೀಕ್ಷೆ. ಕೈ ಸಲೀಸಾಗಿ ಆಚೆ ಹೋದರೆ ಹಾಸಿಗೆ ಅವರಿಗೆ ಗಟ್ಟಿ, ತೂರಿಸಲೇ ಆಗದಿದ್ದರೆ ಮೆತ್ತಗೆ, ಒಂಚೂರು ಒತ್ತಿಕೊಂಡು ಹೋದರೆ ಹದ. ನಾನು ಮಗ್ಗುಲಾಗಿ ಮಲಗುವವಳು. ಮಗ್ಗುಲಲ್ಲಿ ಭುಜ ಮತ್ತು ಸೊಂಟದ ಮೂಳೆ ಒಳಗೆ ಇಳಿಯಬೇಕು, ಪಕ್ಕೆಗೆ ಆಸರೆ ಸಿಗಬೇಕು. ಹಿಂದಿನಿಂದ ಯಾರಾದರೂ ಬೆನ್ನುಮೂಳೆಯ ಗೆರೆ ನೇರವಾಗಿದೆಯೇ ಅಂತ ನೋಡಬೇಕು; ಮೊಬೈಲಿನಲ್ಲಿ ಒಂದು ಫೋಟೊ ತೆಗೆಸಿಕೊಂಡರೆ ಇನ್ನೂ ಸರಿ. ಕವುಚಿ ಮಲಗುವವರಿಗೆ ಇನ್ನೊಂದು ಹದ ಗಟ್ಟಿ ಬೇಕು, ಇಲ್ಲವಾದರೆ ಹೊಟ್ಟೆಯ ಭಾಗ ಇಳಿದು ಬೆನ್ನು ಬಾಗುತ್ತದೆ. ವಯಸ್ಸಾದವರ ಪರೀಕ್ಷೆ ಮಲಗುವುದರಲ್ಲಿಲ್ಲ, ಏಳುವುದರಲ್ಲಿದೆ. ಅತ್ತೆಯನ್ನು ಅಂಚಿನಲ್ಲಿ ಕೂರಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲಲು ಹೇಳಿದೆ. ಸ್ಪ್ರಿಂಗ್ ಹಾಸಿಗೆಯ ಅಂಚಿಗೆ ಗಟ್ಟಿ ಫೋಮಿನ ಕಟ್ಟು ಇಲ್ಲದಿದ್ದರೆ ಅಲ್ಲೇ ಜಾರುತ್ತದೆ. ಇದಕ್ಕೆಲ್ಲ ಒಬ್ಬೊಬ್ಬರಿಗೆ ಕಾಲು ಗಂಟೆ ಬೇಕು. ಮನೆಯ ದಿಂಬನ್ನೂ ಒಯ್ಯಿರಿ. ಯಾರು ಏನಂದುಕೊಂಡರೂ ಚಿಂತೆಯಿಲ್ಲ.

“ಬೆನ್ನುನೋವಿಗೆ ನೆಲವೇ ಮದ್ದು” ಅಂತ ನಂಬಿದವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅದೇ ನಂಬಿಕೆಯ ಮೇಲೆ ‘ಆರ್ಥೊ’ ಎಂದು ಬರೆದ ಕಲ್ಲಿನಂಥ ಹಾಸಿಗೆಗಳು ಖರ್ಚಾಗುತ್ತವೆ. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಕೊವಾಕ್ಸ್ ಮತ್ತು ಜೊತೆಗಾರರ ಒಂದು ಅಧ್ಯಯನ ಬಂತು. ಬಹುಕಾಲದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮ ಗಟ್ಟಿಯವರಿಗೇ ಹೆಚ್ಚು ಗುಣ ಕಂಡಿತು. ಮೀಡಿಯಂ ಫರ್ಮ್ ಇಷ್ಟು ಜನಪ್ರಿಯವಾದದ್ದಕ್ಕೆ ಈ ಅಧ್ಯಯನದ ಬಲವೂ ಇದೆ. ಆದರೆ ಸ್ಪ್ರಿಂಗ್ ಮೇಲೋ ಫೋಮ್ ಮೇಲೋ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. 30,000 ರೂಪಾಯಿಯದು 12,000ದ್ದಕ್ಕಿಂತ ಒಳ್ಳೆಯದು ಅಂತಲೂ ಅದು ಹೇಳಿಲ್ಲ.

ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ? ಬಾಳಿಕೆಗೆ. ಫೋಮಿನ ಡೆನ್ಸಿಟಿ ಕೇಳಿ, ಪದರದ ದಪ್ಪ ಕೇಳಿ, ಸ್ಪ್ರಿಂಗಿನ ಎಣಿಕೆಗಿಂತ ತಂತಿಯ ದಪ್ಪ ಕೇಳಿ. ಡೆನ್ಸಿಟಿ ಅಂದರೆ ಗಟ್ಟಿತನವಲ್ಲ, ಒಂದು ಘನ ಮೀಟರಿಗೆ ಎಷ್ಟು ಕಿಲೊ ಎಂಬ ಲೆಕ್ಕ. 72x36 ಅಂಗುಲದ ಹಾಸಿಗೆಯಲ್ಲಿ ಎರಡು ಅಂಗುಲದ ಪದರ 40 ಡೆನ್ಸಿಟಿಯದಾದರೆ ಸುಮಾರು 3.4 ಕಿಲೊ ತೂಗಬೇಕು, 28ರದ್ದಾದರೆ 2.4 ಕಿಲೊ. ಆ ಒಂದು ಕಿಲೊ ಫೋಮನ್ನು ಉಳಿಸಿದ ಹಾಸಿಗೆಯೇ ಬೇಗ ಕುಳಿ ಬೀಳುವುದು. ಕೆಲವು ಕಂಪನಿಗಳು ಹಾಸಿಗೆಯ ಒಟ್ಟು ತೂಕವನ್ನು ಹಾಕುತ್ತವೆ. ಒಂದೇ ಅಳತೆಯ ಎರಡರಲ್ಲಿ ಭಾರದ್ದನ್ನು ಮೊದಲು ನೋಡುವುದು ನನ್ನ ರೂಢಿ.

ನಮ್ಮ ಮಂಚ ಕಿಂಗ್ ಸೈಜ್, 72x72. ಅಂಗಡಿಯವರೆಲ್ಲ ಒಂದೇ ಹಾಸಿಗೆ ತೋರಿಸುತ್ತಿದ್ದರು. 36 ಮತ್ತು 36 ಕೂಡಿದರೆ 72 ತಾನೆ? ಒಂದೇ ಕಂಪನಿಯ, ಒಂದೇ ಎಂಟು ಅಂಗುಲ ಎತ್ತರದ ಎರಡು ಸಿಂಗಲ್ ತೆಗೆದುಕೊಂಡೆವು. ನಮ್ಮವರಿಗೆ ದಪ್ಪ ತಂತಿಯ ಗಟ್ಟಿ ಹೈಬ್ರಿಡ್, ನನಗೆ ಮೇಲೆ ಲೇಟೆಕ್ಸ್ ಇರುವ ಮೆತ್ತನೆಯದು. ಎರಡರ ಬಿಲ್ 31,000 ರೂಪಾಯಿ, ಒಂದೇ ಕಿಂಗ್ ಆಗಿದ್ದರೆ 29,500. ಈ 1,500 ಕೊಟ್ಟು ನಾನು ಕೊಂಡದ್ದು ಮುಂದೆ ಒಂದೇ ಹಾಸಿಗೆ ಬದಲಿಸುವ ಸ್ವಾತಂತ್ರ್ಯವನ್ನು. ಭಾರದ ದೇಹದ ಕೆಳಗಿನದು ಬೇಗ ಸವೆಯುತ್ತದೆ, ಆಗ ಅರ್ಧ ಖರ್ಚು ಸಾಕು. ನಡುವಿನ ಸಂದು ಕಾಣದಂತೆ ಮೇಲೆ ತೆಳ್ಳನೆಯ ಹತ್ತಿಯ ಹಾಸು ಹಾಕಿದೆ. ಚಾದರಗಳು ಇಲ್ಲಿನ ಬಟ್ಟೆಪೇಟೆ ಧಾಲ್ಗರ್‌ವಾಡದ ಹತ್ತಿಯವು. ಹತ್ತು ಅಂಗುಲದ ಹಾಸಿಗೆ ಕೊಂಡವರು ಮನೆಯ ಹಳೆಯ ಚಾದರಗಳನ್ನೆಲ್ಲ ಬದಲಿಸಬೇಕಾದೀತು, ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

ಅತ್ತೆಗೆ ಹೈಬ್ರಿಡ್ ಬೇಡವೇ ಬೇಡ ಅನಿಸಿತು. ತೆಳ್ಳಗಿನ ದೇಹದ ಭಾರಕ್ಕೆ ಸ್ಪ್ರಿಂಗ್ ಅಷ್ಟಾಗಿ ಇಳಿಯುವುದಿಲ್ಲ. ಹೊಸ ನಾರಿನ ಹಾಸಿಗೆ, ಅದರ ಮೇಲೆ ಎರಡು ಅಂಗುಲದ ಲೇಟೆಕ್ಸ್ ಪದರ. ಹೈಬ್ರಿಡ್‌ನ ಅರ್ಧ ಬೆಲೆಗೆ ಅವರ ನಿದ್ದೆ ಸರಿಯಾಯಿತು.

ಸೂರತ್‌ನಲ್ಲಿರುವ ನಾದಿನಿಯ ಮಗನಿಗೂ ಎರಡು ಸಿಂಗಲ್‌ಗಳನ್ನೇ ಹೇಳಿದೆ, ಕಾರಣ ಬೇರೆ. ಗಂಡ ಹೆಂಡತಿಯ ತೂಕ ಹೆಚ್ಚುಕಡಿಮೆ ಒಂದೇ, ಇಬ್ಬರಿಗೂ ಮೀಡಿಯಂ ಫರ್ಮ್ ಒಪ್ಪುತ್ತದೆ. ಆದರೆ ಬಾಡಿಗೆ ಮನೆ ಬದಲಿಸುತ್ತಲೇ ಇರುವವರು. ನಿರ್ವಾತದಲ್ಲಿ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಬರುವ ಹಾಸಿಗೆ ಒಮ್ಮೆ ಬಿಚ್ಚಿದರೆ ಮನೆಯಲ್ಲಿ ಮತ್ತೆ ಸುತ್ತಲಾಗದು. ಕಿಂಗ್ ಸೈಜ್ ಹೈಬ್ರಿಡ್ ಎಷ್ಟೋ ಲಿಫ್ಟುಗಳಿಗೂ ಹೋಗದು. ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ಮಗಳಿಗೆ ಗಾದಲಾ ಎಂಬ ಹತ್ತಿಯ ಹಾಸಿಗೆ ಸಾಕು. ಪಿಂಜಾರರ ಹತ್ತಿರ ಹಿಂಜಿಸಿದರೆ ಹಳೆಯ ಹತ್ತಿಯೇ ಮತ್ತೆ ಉಬ್ಬುತ್ತದೆ. ಅಲ್ಲದೆ ಅವಳ ಕೋಣೆ ಕೆಳಮಹಡಿಯಲ್ಲಿದೆ. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿದಾಗ ವಡೋದರಾದ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ನೀರು ಕುಡಿದ ಫೋಮು, ಸ್ಪ್ರಿಂಗು ಮತ್ತೆ ಬಳಕೆಗೆ ಬರುವುದಿಲ್ಲ. ಇಂಥ ಕಡೆ ಸ್ವಂತ ಮನೆಯಿದ್ದವರು ಗೃಹವಿಮೆಯಲ್ಲಿ ಕಟ್ಟಡದ ಜೊತೆ ಮನೆಯೊಳಗಿನ ಸಾಮಾನನ್ನೂ ಸೇರಿಸಿಕೊಳ್ಳಬೇಕು.

ದರದ ವಿಷಯ. ಎಂ.ಆರ್.ಪಿ. ಮೇಲೆ ‘50% ಕಡಿತ’ ವರ್ಷವಿಡೀ ಇರುವುದರಿಂದ ಅದನ್ನು ಕಡಿತ ಅನ್ನಬೇಕಿಲ್ಲ. ‘ಒಂದು ರಾತ್ರಿಗೆ ಬರೇ ಹತ್ತು ರೂಪಾಯಿ’ ಎಂಬ ಲೆಕ್ಕಕ್ಕೂ ಕಿವಿಗೊಡಬೇಡಿ, ಆ ಲೆಕ್ಕದಲ್ಲಿ ಜಗತ್ತಿನ ಯಾವ ವಸ್ತುವೂ ದುಬಾರಿಯಲ್ಲ. ಫೋಮ್, ಸ್ಪ್ರಿಂಗ್ ಹಾಸಿಗೆಗೆ ಜಿ.ಎಸ್.ಟಿ. 18%. ‘ಬಿಲ್ ವಗರ್’ (ಬಿಲ್ಲಿಲ್ಲದೆ) ಕೊಡುತ್ತೇವೆ, 20,000ಕ್ಕೆ 3,600 ಉಳಿಯುತ್ತದೆ ಅಂತ ಮೆಲ್ಲಗೆ ಕಿವಿಯಲ್ಲಿ ಹೇಳುವವರಿದ್ದಾರೆ. ಬಿಲ್ ಇಲ್ಲದೆ ವಾರಂಟಿ ಇಲ್ಲ. ತೆರಿಗೆ ಕದ್ದ ಪಾಪ ಬೇರೆ. ‘ನೋ ಕಾಸ್ಟ್ ಇ.ಎಂ.ಐ.’ ಬಗ್ಗೆ ಬ್ಯಾಂಕಿನವಳಾಗಿ ಹೇಳುತ್ತೇನೆ: ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಒಟ್ಟಿಗೆ ದುಡ್ಡು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿ ನೋಡಿ. ಆ ವ್ಯತ್ಯಾಸ, ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿ.ಎಸ್.ಟಿ., ಮೂರೂ ಸೇರಿದರೆ ನಿಮ್ಮ ಬಡ್ಡಿ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಹಾಸಿಗೆಯ ಬೆಲೆಯಲ್ಲಿ ಅತಿ ಮುಖ್ಯ ಭಾಗ ಹಿಂತಿರುಗಿಸುವ ಹಕ್ಕು. ಶೋರೂಮಿನ ಕಾಲು ಗಂಟೆ ನಿಮ್ಮ ಮನೆಯ ಒಂದು ತಿಂಗಳಿಗೆ ಸಮನಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೇಕ್‌ಫಿಟ್‌ನಂಥ ಕಂಪನಿಗಳಿಂದ 100 ರಾತ್ರಿಯ ಟ್ರಯಲ್ ನಮ್ಮಲ್ಲಿ ರೂಢಿಗೆ ಬಂತು. ಆದರೆ ಷರತ್ತು ಓದಬೇಕು: ಹೇಳಿ ಮಾಡಿಸಿದ ಅಳತೆಗೆ ಬಹಳ ಕಡೆ ಟ್ರಯಲ್ ಇರುವುದಿಲ್ಲ, ಡೀಲರ್ ಅಂಗಡಿಯಲ್ಲಿ ಕೊಂಡರೆ ಷರತ್ತೇ ಬೇರೆ, ಒಂದು ಚಹಾದ ಕಲೆ ಬಿದ್ದರೂ ವಾಪಸಿಲ್ಲ ಅನ್ನುವವರುಂಟು. ಹಾಸಿಗೆ ಬಂದ ದಿನವೇ ನೀರು ಇಳಿಯದ ಕವರ್ ಹಾಕಿ. ‘ಹತ್ತು ವರ್ಷದ ವಾರಂಟಿ’ಯಲ್ಲಿ ಎಷ್ಟು ಅಂಗುಲ ಕುಸಿದರೆ ದೋಷ ಅಂತ ಬರೆದಿದೆ, ಮೊದಲ ಕೆಲವು ವರ್ಷದ ನಂತರ ನೀವೆಷ್ಟು ಪಾಲು ಕೊಡಬೇಕು ಅಂತ ಬರೆದಿದೆ, ಎರಡನ್ನೂ ನೋಡಿ.

ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ, ಬಿಲ್ ಜೋಪಾನವಾಗಿಡಿ. ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಂಗಡಿ ಅಹಮದಾಬಾದಿನಲ್ಲಿದ್ದರೂ ಸರಿ, ಕಂಪನಿ ಬೆಂಗಳೂರಿನಲ್ಲಿದ್ದರೂ ಸರಿ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.