ಇಂಪ್ಲಾಂಟ್ ಕೂತಿದೆ, ಉರಿ ನಿಂತಿಲ್ಲ

ಕೆಳದವಡೆಗೆ ಇಂಪ್ಲಾಂಟ್ ಹಾಕಿಸಿ ಎಂಟು ತಿಂಗಳಾದರೂ ತುಟಿ, ಗದ್ದದಲ್ಲಿ ಉರಿ. ಕಾಫಿ ಲೋಟ ತಗುಲಿದರೂ ಕರೆಂಟ್ ಹೊಡೆದಂತೆ ಎಂದು ಬರೆದಿದ್ದೀರಿ. ಮನೆಯವರು ಏನೇ ಅನ್ನಲಿ, ಇದು ನಿಮ್ಮ ಕಲ್ಪನೆಯಲ್ಲ.

ದವಡೆಮೂಳೆಯ ಒಳಗಿನ ಕಾಲುವೆಯಲ್ಲಿ ಒಂದು ನರ ಸಾಗುತ್ತದೆ. ಕೆಳತುಟಿ, ಗದ್ದಗಳ ಸ್ಪರ್ಶಜ್ಞಾನ ಅದರದೇ. ಇಂಪ್ಲಾಂಟ್ ತುದಿಗೂ ಆ ಕಾಲುವೆಗೂ ನಡುವೆ ಕನಿಷ್ಠ 2 ಮಿಲಿಮೀಟರ್ ಬಿಡುವುದು ರೂಢಿ. ಡ್ರಿಲ್ ತಾಗಿದರೆ ಅಥವಾ ಒಳಗೆ ರಕ್ತ ಕಟ್ಟಿ ಒತ್ತಿದರೆ ನರಕ್ಕೆ ಪೆಟ್ಟಾಗುತ್ತದೆ. ಆಮೇಲೆ ಗಾಯ ಮಾಗಿದರೂ ಆ ನರ ನೋವಿನ ಸಂಕೇತ ಕಳಿಸುತ್ತಲೇ ಇರಬಹುದು. ಇಂಪ್ಲಾಂಟ್ ಕಾಲುವೆಗೆ ತಾಗಿದೆಯೇ ಎಂದು ನೋಡಲು ಸಾದಾ ಎಕ್ಸ್‌ರೇ ಸಾಲದು, ಸಿಬಿಸಿಟಿ ಸ್ಕ್ಯಾನ್ ಬಗ್ಗೆ ಕೇಳಿ.

ಇಂಪ್ಲಾಂಟ್ ತೆಗೆಸಿಬಿಡಲೇ ಎಂದಿದ್ದೀರಿ. ಮೊದಲ ಒಂದೆರಡು ದಿನಗಳಲ್ಲಾಗಿದ್ದರೆ ಅದರಿಂದ ಲಾಭದ ಸಾಧ್ಯತೆ ಹೆಚ್ಚಿತ್ತು. ಈಗ ತೆಗೆದರೂ ನೋವು ಹೋಗುವ ಭರವಸೆಯಿಲ್ಲ. ಪಕ್ಕದ ಒಳ್ಳೆಯ ಹಲ್ಲನ್ನಂತೂ ದಯವಿಟ್ಟು ಕೀಳಿಸಬೇಡಿ. ನೋವಿಗೆ ಕಂಗೆಟ್ಟು ಒಂದಾದ ಮೇಲೊಂದು ಹಲ್ಲು ಕಳೆದುಕೊಂಡವರನ್ನು ನೋಡಿ ಸಂಕಟಪಟ್ಟಿದ್ದೇನೆ.

ಐಬುಪ್ರೊಫೆನ್ ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಇದಕ್ಕೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ಗಳನ್ನು ವೈದ್ಯರು ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಕೊನೆಯದು ಖಿನ್ನತೆಗೂ ಕೊಡುವ ಮಾತ್ರೆ. ಹಾಗಂತ ವೈದ್ಯರು ನಿಮ್ಮನ್ನು ಮನೋರೋಗಿ ಅಂದುಕೊಂಡರೆಂದು ನೊಂದುಕೊಳ್ಳಬೇಡಿ. ಗುಣ ಕಾಣಲು ವಾರಗಳೇ ಬೇಕು. ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ನರರೋಗ ತಜ್ಞರನ್ನೂ ಮುಖ-ದವಡೆ ಶಸ್ತ್ರಚಿಕಿತ್ಸಕರನ್ನೂ ಕಾಣಿ. ಹೋಗುವ ಮುನ್ನ ಉರಿ, ಜೋಮು ಇರುವ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಆ ಜಾಗ ಕುಗ್ಗಿದೆಯೇ ಎಂದು ಹೋಲಿಸಿ ನೋಡಬಹುದು.